ಪಿಸುಮಾತಿನ ಶಾಲೆಯ ಜೆರೂಷ ದೊಡ್ಡಮ್ಮ

ಕೋಳಿ ಓಡಿಸುವಾಗ ಜೆರೂಷ ದೊಡ್ಡಮ್ಮನ ದನಿ ಹಳ್ಳದ ಆಚೆ ದಡಕ್ಕೂ ಕೇಳಿಸುತ್ತಿತ್ತು. ಪುಸ್ತಕ ತೆರೆದಳೆಂದರೆ ಪಕ್ಕದಲ್ಲಿ ಕುಳಿತವನಿಗೂ ಕೇಳಿಸುತ್ತಿರಲಿಲ್ಲ. ಅಕ್ಷರ ಕಣ್ಣಿಗೆ ಬಿದ್ದ ಕ್ಷಣವೇ ಆ ವಿಶಾಲವಾದ ಎದೆಯೊಳಗೆ ಎಲ್ಲೋ ಒಂದು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ತುಟಿ ಆಡುತ್ತಿತ್ತು, ಗಂಟಲ ನರ ಅಲುಗುತ್ತಿತ್ತು, ಹೊರಗೆ ಬರುತ್ತಿದ್ದುದು ಮಾತ್ರ ಬರಿಯ ಉಸಿರು. ಏಳು ವರ್ಷದ ಹೆಣ್ಣುಮಕ್ಕಳಿಂದ ಹಿಡಿದು ಎಪ್ಪತ್ತು ದಾಟಿದ ಮುದುಕರವರೆಗೆ ನಾವು ನಲವತ್ತೊಂದು ಜನ ಶಿಷ್ಯರು ಅವಳ ತುಟಿಯನ್ನೇ ನೋಡಿ ಕಲಿತವರು, ಅವಳಂತೆಯೇ ಪಿಸುಗುಟ್ಟಿ ಓದಿದವರು. ಒಳಗೆ ಅಷ್ಟೂ ಜನ ಒಟ್ಟಿಗೆ ಪಾಠ ಒಪ್ಪಿಸುತ್ತಿರುವಾಗಲೂ, ಸೊರೆಲ್ ಹಳ್ಳದ ನಮ್ಮ ಶಾಲೆಯ ಮುಂದೆ ಹಾದುಹೋಗುವ ದಾರಿಹೋಕರು ಅದನ್ನು ಖಾಲಿ ಮನೆಯೆಂದೇ ತಿಳಿಯುತ್ತಿದ್ದರು.

ಎತ್ತರದ ಆಳು, ಅಗಲವಾದ ಭುಜ, ಮೂವತ್ತು ವರ್ಷ ಬೂದಿನೀರಿನಲ್ಲಿ ಅದ್ದಿ ಅದ್ದಿ ಬಿಳಿಚಿಕೊಂಡ ಅಂಗೈ. ಅಷ್ಟು ದೊಡ್ಡ ಹೆಂಗಸು ನಡೆದು ಬಂದರೆ ಹಲಗೆಯ ನೆಲ ಕಿರುಗುಟ್ಟುತ್ತಿರಲಿಲ್ಲ. ಹಿಮ್ಮಡಿಯನ್ನು ಊರದೆ, ಮುಂಗಾಲಿನ ಮೇಲೆಯೇ ಮೈಯ ಭಾರವನ್ನೆಲ್ಲ ಹೊತ್ತು, ನೆಲವನ್ನು ಕೇಳಿಕೊಂಡು ಹೆಜ್ಜೆಯಿಡುವ ನಡಿಗೆ ಅವಳದು. ಮೈಮೇಲೆ ಬೇಸಿಗೆ ಚಳಿಗಾಲವೆನ್ನದೆ ಗುಲಾಮಗಿರಿ ಮುಗಿಸಿದ ಯುದ್ಧದಲ್ಲಿ ಉತ್ತರದ ಸೈನಿಕನೊಬ್ಬ ಬಿಟ್ಟುಹೋದ ನೀಲಿ ಕೋಟು. ಅದರ ಒಳಮೈಗೆ ತಾನೇ ಒಂಬತ್ತು ಜೇಬು ಹೊಲಿದುಕೊಂಡಿದ್ದಳು. ಶಾಲೆಗಿದ್ದ ಒಂಬತ್ತು ಪುಸ್ತಕಗಳ ಅಳತೆಗೆ ಸರಿಯಾಗಿ ಒಂದೊಂದು. ಜುಲೈ ತಿಂಗಳ ಬೇಗೆಯಲ್ಲಿ, ಹತ್ತಿಗಿಡದ ಎಲೆಗಳೂ ಬಾಡಿ ಜೋಲುಬಿದ್ದಿರುವಾಗ, ಅವಳು ಆ ಗ್ರಂಥಭಂಡಾರವನ್ನೇ ತೊಟ್ಟು ನಡೆದು ಬರುವುದನ್ನು ಕಂಡು ನಮ್ಮ ಚರ್ಚಿನ ಹಾಡುಗಾರ್ತಿ ಕ್ಯಾಂಡಿಸಕ್ಕ ಸುಮ್ಮನಿರುತ್ತಿರಲಿಲ್ಲ.

"ದೊಡ್ಡಮ್ಮಾ, ಆ ಕೋಟಿನೊಳಗೆ ಒಂದಿನ ಬೆಂದೋಗ್ತೀಯ ನೋಡು!"

"ಬೆಂದ್ರೆ ನಾನು ಬೇಯ್ತೀನಿ ಕಣೇ. ಪುಸ್ತಕ ಬೇಯಲ್ವಲ್ಲ," ಎನ್ನುವಳು ದೊಡ್ಡಮ್ಮ.

ಶನಿವಾರ ಬಂತೆಂದರೆ ಅವಳು ಆ ಪುಸ್ತಕಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ನಗಬೇಡಿ, ನಿಜವಾಗಿಯೂ ಹಾಕುತ್ತಿದ್ದಳು. ಮಕ್ಕಳ ಕೈಯ ಬೆವರಿಗೆ, ಕಾಕಂಬಿ ಅಂಟಿದ ಬೆರಳುಗಳಿಗೆ ಸಿಕ್ಕಿ ಮುದುರಿದ ಒಂದೊಂದು ಹಾಳೆಯನ್ನೂ ಬಿಡಿಸಿ, ಮೇಲೆ ತೆಳುಬಟ್ಟೆ ಹಾಸಿ, ಕೆನ್ನೆಯ ಹತ್ತಿರ ಹಿಡಿದು ನೋಡಿ ಹದ ಮಾಡಿಕೊಂಡ ಇಸ್ತ್ರಿಪೆಟ್ಟಿಗೆಯನ್ನು ಮೆತ್ತಗೆ ಎಳೆಯುವಳು. ಸೋಮವಾರ ಬೆಳಿಗ್ಗೆ ಪುಸ್ತಕಗಳು ಗಂಜಿ ಹಾಕಿದ ಅಂಗಿಗಳಷ್ಟು ಗರಿಗರಿಯಾಗಿ ಬರುತ್ತಿದ್ದವು. ಮೂಲೆ ಮಡಚಿದವನಿಗೆ ಬೈಗುಳ ಕಟ್ಟಿಟ್ಟದ್ದು. ಬೈಗುಳವೂ ಪಿಸುಮಾತಿನಲ್ಲೇ ಬರುತ್ತಿದ್ದುದರಿಂದ ಅದು ಇನ್ನಷ್ಟು ನಾಟುತ್ತಿತ್ತು.

ಅವಳು ಅಕ್ಷರ ಕಲಿತದ್ದೇ ಬಟ್ಟೆಯಿಂದ. ಮೇಜರ್ ವೇಬ್ರಿಜ್‌ರ ಮನೆತನಕ್ಕೆ ಸೇರಿದ ಆಸ್ತಿಗಳಲ್ಲಿ ಅವಳೂ ಒಂದಾಗಿದ್ದ ಆ ಕಾಲದಲ್ಲಿ, ಇಪ್ಪತ್ತೆರಡು ವರ್ಷ ಆ ಮನೆಯ ಬಟ್ಟೆಯನ್ನೆಲ್ಲ ಹಳ್ಳದ ದಂಡೆಯ ಕಡಾಯಿಯಲ್ಲಿ ಬೇಯಿಸಿ ಒಗೆದವಳು. ಯಾರ ಅಂಗಿ ಯಾರದೆಂದು ತಿಳಿಯಲು ಕೊರಳಪಟ್ಟಿಯ ಒಳಗೆ ಕಪ್ಪು ಶಾಯಿಯಲ್ಲಿ ಹೆಸರಿನ ಮೊದಲಕ್ಷರ ಬರೆದಿರುತ್ತಿದ್ದರು. ಹೋರೇಷಿಯೋ ಧಣಿಯ ಅಂಗಿಯ ಮೇಲಿನ ಗುರುತು ಹೋರೇಷಿಯೋ ಎಂಬ ಹೆಸರಿನ ಮೊದಲ ಸದ್ದು. ಲೆಟಿಷಿಯಾ ಅಮ್ಮನವರ ಲಂಗದ ಮೇಲಿನದು ಆ ಹೆಸರಿನ ಮೊದಲ ಸದ್ದು. ಇಷ್ಟು ಹೊಳೆದದ್ದೇ ತಡ, ಉಳಿದದ್ದನ್ನು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೆಕ್ಕಿದಳು: ನೆಂಟರ ಕರವಸ್ತ್ರಗಳಿಂದ, ಅತಿಥಿಗಳ ದಿಂಬಿನ ಚೀಲಗಳಿಂದ, ಗಂಜಿಪುಡಿ ಕಟ್ಟಿಕೊಂಡು ಬಂದ ಹರಕು ಪತ್ರಿಕೆಗಳಿಂದ. ಹೀಗಾಗಿ ನಮ್ಮ ಶಾಲೆಯ ಅಕ್ಷರಮಾಲೆ ಎಲ್ಲರಂತೆ ಏ, ಬಿ, ಸಿ ಎಂದು ಹೊರಡುತ್ತಿರಲಿಲ್ಲ. ಎಚ್, ಡಬ್ಲ್ಯು, ಎಲ್ ಎಂದು ವೇಬ್ರಿಜ್ ಮನೆತನದ ಹಿರಿತನದ ಕ್ರಮದಲ್ಲಿ ಹೊರಡುತ್ತಿತ್ತು. ಕ್ಯೂ ಎಂಬ ಅಕ್ಷರವನ್ನಂತೂ ಅವಳು ಕೊನೆಯವರೆಗೂ ಪೂರ್ತಿ ನಂಬಲಿಲ್ಲ. "ಯಾರ ಅಂಗಿ ಮೇಲೂ ನಾನದನ್ನ ಕಂಡಿಲ್ಲಪ್ಪ," ಎಂದು ಅನುಮಾನಿಸಿಯೇ ಕಲಿಸುತ್ತಿದ್ದಳು.

ಅವಳಿಗೊಬ್ಬ ತಮ್ಮನಿದ್ದ, ಪ್ರೈಮಸ್ ಎಂದು. ಅಕ್ಕ ಕಲಿತದ್ದನ್ನು ತಮ್ಮನಿಗೆ ಹಳ್ಳದ ಇಳಿಜಾರಿನ ಗುಂಡಿಯಲ್ಲಿ ಕೂರಿಸಿಕೊಂಡು ಕಲಿಸಿದಳು. ದನಿ ಮೇಲೇರದಂತೆ, ನಮ್ಮವರು ಗುಟ್ಟಿನ ಪ್ರಾರ್ಥನೆಗೆ ಕೂತಾಗ ಮಾಡುತ್ತಿದ್ದ ಹಾಗೆ, ಬಟ್ಟೆ ಬೇಯಿಸುವ ಕಬ್ಬಿಣದ ಕಡಾಯಿಯನ್ನು ಪಕ್ಕದಲ್ಲಿ ಬೋರಲು ಹಾಕಿಟ್ಟು. ಕಡಾಯಿ ಸದ್ದನ್ನು ನುಂಗುತ್ತದೆ ಎಂದು ನಮ್ಮವರ ನಂಬಿಕೆ. ಪ್ರೈಮಸ್‌ನ ಸಂತೋಷವನ್ನು ನುಂಗುವಷ್ಟು ದೊಡ್ಡ ಕಡಾಯಿ ಇರಲಿಲ್ಲ. ಒಂದು ದಿನ ಇಡೀ ಸಾಲೊಂದನ್ನು ತಡವರಿಸದೆ ಓದಿಬಿಟ್ಟ ಖುಷಿಗೆ ಅದನ್ನೇ ಕುದುರೆಲಾಯದಲ್ಲಿ ಗಟ್ಟಿಯಾಗಿ ಇನ್ನೊಮ್ಮೆ ಓದಿದ. ಗುಲಾಮರು ಓದುವುದೇ ಅಪರಾಧವಾಗಿದ್ದ ಕಾಲ; ಕೇಳಬಾರದವರ ಕಿವಿಗೆ ಬಿತ್ತು. ಮೂರನೆಯ ದಿನ ಅವನನ್ನು ಅಲಬಾಮಾ ಕಡೆಯ ವ್ಯಾಪಾರಿಯೊಬ್ಬನಿಗೆ ಮಾರಿದರು, ಆಮೇಲೆ ಅವನ ಸುದ್ದಿಯೇ ಇಲ್ಲ. ಇದನ್ನು ದೊಡ್ಡಮ್ಮ ನನಗೆ ಹೇಳಿದ್ದು ಒಂದೇ ಸಲ. "ಅವ್ನು ತಪ್ಪು ಓದ್ಲಿಲ್ಲ ಕಣಪ್ಪಾ. ಜೋರಾಗಿ ಓದ್ದ, ಅಷ್ಟೆ," ಎಂದಳು.

ಗುಲಾಮಗಿರಿಯಿಂದ ಬಿಡುಗಡೆಯಾದ ಮೇಲೆ ನಮಗೆ ಪಾಠ ಹೇಳಲು ಉತ್ತರದಿಂದ ಒಬ್ಬ ಹುಡುಗಿ ಬಂದಳು, ಒಳ್ಳೆಯವಳು. ಮೂರೇ ತಿಂಗಳಲ್ಲಿ ಜ್ವರ ಹಿಡಿದು, ಒಂಬತ್ತು ಪುಸ್ತಕಗಳನ್ನು ಬಿಟ್ಟು ಹಿಂದಿರುಗಿದಳು. ಇನ್ನು ಯಾರು ಕಲಿಸಬೇಕು ಎಂದು ಚರ್ಚಿನಲ್ಲಿ ಕೂತು ತಲೆ ಕೆಡಿಸಿಕೊಂಡಿರುವಾಗ ಹಿಂದಿನ ಬೆಂಚಿನಿಂದ ಜೆರೂಷ ದೊಡ್ಡಮ್ಮ ಎದ್ದು ನಿಂತು, "ನಂಗೆ ಬರತ್ತೆ," ಎಂದಳು. ಇಪ್ಪತ್ತು ವರ್ಷ ಪಕ್ಕದ ಗುಡಿಸಿಲಲ್ಲೇ ಇದ್ದ ಕ್ಯಾಂಡಿಸಕ್ಕನಿಗೂ ಗೊತ್ತಿರಲಿಲ್ಲ. "ಅಯ್ಯೋ ನಿನ್ನ! ನನ್ನ ಗಂಡನ ಗೊರಕೆ ಸಮೇತ ನಿಂಗೆ ಹೇಳಿದೀನಿ, ಇದನ್ನ ನೀನು ನಂಗೆ ಹೇಳ್ಲಿಲ್ವಲ್ಲೇ!" ಎಂದು ಅವಳು ತುಂಬಿದ ಸಭೆಯಲ್ಲಿ ಜಗಳಕ್ಕೇ ನಿಂತಳು.

ನಾನು ಆಗ ಇಪ್ಪತ್ತೆಂಟರವನು. ಕಸುಬು ಪೈನ್ ಮರದ ಅಂಟಿನಿಂದ ಇಳಿಸುವ ಟರ್ಪೆಂಟೈನ್ ಎಣ್ಣೆಗೆ ಪೀಪಾಯಿ ಮಾಡುವುದು, ಹೆಸರು ಎಲ್ಕೇನಾ. ಹೊಟ್ಟೆಯವರೆಗೆ ಬರುವ ಮೊಣಕಾಲನ್ನು ಮಡಚಿಕೊಂಡು, ಏಳು ವರ್ಷದ ಮಿಂಡಾ ಎಂಬ ಹೆಣ್ಣುಮಗುವಿನ ಪಕ್ಕದಲ್ಲಿ ಕೂತು ಅಕ್ಷರ ತಿದ್ದಿದೆ. ಕ್ಯಾಂಡಿಸಕ್ಕ ಎದುರು ಬೆಂಚಿನಿಂದ ಛೇಡಿಸುವಳು: "ಏನೋ ಎಲ್ಕೇನಾ, ಪೀಪಾಯಿಗೆ ಇಪ್ಪತ್ತು ಹಲಗೆ ಸೇರಿಸ್ತೀಯ, ಮೂರಕ್ಷರ ಸೇರ್ಸೋಕೆ ಇಷ್ಟು ಬೆವರ್ತೀಯಲ್ಲೋ!" ದೊಡ್ಡಮ್ಮ ತುಟಿಗೆ ಬೆರಳಿಟ್ಟು, "ಮೆಲ್ಲಗೆ, ಮೆಲ್ಲಗೆ," ಎನ್ನುವಳು. ಮೂರು ಹೊಲದಾಚೆಗೆ ಕೇಳುವಂತೆ ಹಾಡುವ ಕ್ಯಾಂಡಿಸಕ್ಕ ಶಾಲೆಯಲ್ಲಿ ಪಿಸುಗುಡಲು ಹೋಗಿ ಕೆಮ್ಮು ಬಂದು ಒದ್ದಾಡುತ್ತಿದ್ದಳು.

ಪುಸ್ತಕ ಒಂಬತ್ತು, ಓದುವವರು ನಲವತ್ತೊಂದು. ಉದ್ದನೆಯ ಮೇಜುಗಳ ಮೇಲೆ ನಡುಮಧ್ಯಕ್ಕೆ ಒಂದೊಂದು ಪುಸ್ತಕ ಇಟ್ಟು ಎರಡೂ ಬದಿಗೆ ಜನ ಕೂರುತ್ತಿದ್ದೆವು. ಈಚೆ ಕೂತವರಿಗೆ ಅಕ್ಷರ ನೇರವಾಗಿ ಕಾಣುತ್ತಿತ್ತು, ಆಚೆ ಕೂತವರಿಗೆ ತಲೆಕೆಳಗಾಗಿ. ಯಾರ ಜಾಗ ಯಾರೂ ಬಿಟ್ಟುಕೊಡುತ್ತಿರಲಿಲ್ಲ. ಪರಿಣಾಮವಾಗಿ ಸೊರೆಲ್ ಹಳ್ಳದ ಶಾಲೆಯ ಅರ್ಧ ಜನ ಪುಸ್ತಕವನ್ನು ತಲೆಕೆಳಗು ಹಿಡಿದರೆ ಮಾತ್ರ ಓದಬಲ್ಲವರಾದರು. ಅದೇ ಸರಿಯಾದ ಕ್ರಮವೆಂದು ಅವರು ಬಹಳ ದಿನ ನಂಬಿದ್ದರು. ದೊಡ್ಡಮ್ಮನಿಗೆ ಮಾತ್ರ ಎರಡೂ ಒಂದೇ. ಅವಳು ಮೇಜಿನ ಯಾವ ಬದಿಗೆ ನಿಂತರೂ ನಮ್ಮ ತಪ್ಪು ಅವಳ ಬೆರಳ ತುದಿಗೆ ಸಿಕ್ಕಿಬೀಳುತ್ತಿತ್ತು.

ಓದಿನ ಜೊತೆಗೆ ಅವಳು ಕಲಿಸಿದ ಇನ್ನೊಂದು ಪಾಠವಿತ್ತು. ಶಾಲೆಯ ಹೊಸ್ತಿಲೊಳಗೆ ಅದೇ ಹಳೆಯ ಕಡಾಯಿ ಬೋರಲು ಬಿದ್ದಿರುತ್ತಿತ್ತು. ಅವಳು ಬಾಗಿಲಿಗೆ ಎಂದೂ ಬೆನ್ನು ಮಾಡುತ್ತಿರಲಿಲ್ಲ. ದೂರದಲ್ಲಿ ಕುದುರೆಯ ಗೊರಸಿನ ಸದ್ದು ಕೇಳಿತೋ, ಇಸ್ತ್ರಿಪೆಟ್ಟಿಗೆಯಿಂದ ಮೇಜನ್ನು ಎರಡು ಸಲ ತಟ್ಟುವಳು. ನಾನು ಹತ್ತು ಎಣಿಸುವುದರೊಳಗೆ ಒಂಬತ್ತು ಪುಸ್ತಕಗಳೂ ನೀಲಿ ಕೋಟು ಸೇರುತ್ತಿದ್ದವು, ಹಲಗೆ ಬಳಪಗಳು ಹೆಂಗಸರ ಲಂಗದಡಿಗೆ ಸರಿಯುತ್ತಿದ್ದವು, ಬೆಂಚಿನಡಿಯ ಬುಟ್ಟಿಗಳಿಂದ ಒಣಗಿದ ಅಲಸಂದೆಕಾಯಿ ಮೇಲೆ ಬರುತ್ತಿತ್ತು. ನಲವತ್ತೊಂದು ಜನ ತಲೆ ತಗ್ಗಿಸಿ ಕಾಳು ಬಿಡಿಸುವವರೇ. "ಓದ್ತೀರಾ?" ಎಂದು ಯಾರೇ ಕೇಳಲಿ, ಉತ್ತರ ಒಂದೇ: "ಇಲ್ಲ ಧಣಿ, ನಮ್ಗೇನು ತಿಳಿಯತ್ತೆ ಧಣಿ." ಮಕ್ಕಳ ಬಾಯಲ್ಲಿ ಈ ಮಾತು ಎಷ್ಟು ಚೆಂದ ಕೂತಿತ್ತೆಂದರೆ, ಗುಲಾಮಗಿರಿಯ ನೆನಪೇ ಇಲ್ಲದ ಕೂಸುಗಳು ಗುಲಾಮರಿಗಿಂತ ಚೆನ್ನಾಗಿ ತಲೆ ತಗ್ಗಿಸುತ್ತಿದ್ದವು. ಅವಳನ್ನು ಹಳಿಯಬೇಡಿ. ನಮ್ಮವರು ಓದುವುದನ್ನು ಸಹಿಸದ ಬಿಳಿಯರು ಸುತ್ತಲಿನ ಎರಡು ಶಾಲೆಗಳಿಗೆ ನಮ್ಮ ಮೊದಲ ಚಳಿಗಾಲದಲ್ಲೇ ಬೆಂಕಿಯಿಟ್ಟಿದ್ದರು. ನಮ್ಮದು ಉಳಿದದ್ದು ಅದು ಶಾಲೆಯೆಂದು ಯಾರಿಗೂ ತಿಳಿಯದ್ದರಿಂದ.

ಆದರೆ ಅದು ಶಾಲೆಯೆಂದು ತಿಳಿಯಲೇಬೇಕಾದ ದಿನ ಒಂದು ಬಂತು. ಶಾಲೆ ನಿಂತಿದ್ದ ಒಂದೆಕರೆಯನ್ನು ಮೇಜರರ ಮುದಿ ತಾಯಿ, ಸಾಯುವ ಮುಂಚೆ ಯಾವ ಪಾಪದ ನೆನಪಿನಿಂದಲೋ, ನಮ್ಮ ಚರ್ಚಿನ ಹೆಸರಿಗೆ ಬರೆದುಕೊಟ್ಟಿದ್ದಳು. ಅಲ್ಲಿ ಶಾಲೆ ನಡೆಯುವವರೆಗೆ ನೆಲ ನಮ್ಮದು, ನಿಂತರೆ ವೇಬ್ರಿಜ್ ಮನೆತನಕ್ಕೆ ವಾಪಸು ಎಂದು ಪತ್ರದಲ್ಲಿತ್ತು. ಹಳ್ಳದ ದಂಡೆಯ ಆ ಜಾಗದಲ್ಲಿ ಟರ್ಪೆಂಟೈನ್ ಭಟ್ಟಿ ಹಾಕಬೇಕೆಂದು ಮೇಜರರ ಆಸೆ. ಅಲ್ಲಿ ಶಾಲೆಯೇ ಇಲ್ಲ, ಸದ್ದು ಕೇಳಿದವರೇ ಇಲ್ಲ ಎಂದು ಅವರು ಜಿಲ್ಲಾ ಕೇಂದ್ರಕ್ಕೆ ಬರೆದರು. ಅವರು ಹೇಳಿದ್ದು ಒಂದರ್ಥದಲ್ಲಿ ಸತ್ಯವೇ ಆಗಿತ್ತು. ಬಿಡುಗಡೆಯ ಆರನೆಯ ವರ್ಷ, ಫೆಬ್ರುವರಿಯ ಒಂದು ಮಂಗಳವಾರ, ಲಾತ್ರಪ್ ಎಂಬ ಶಾಲಾ ಅಧಿಕಾರಿ ಸ್ವತಃ ಬಂದು ನೋಡುವುದೆಂದಾಯಿತು. ಶಾಲೆ ಇದೆಯೆಂದು ಅವರು ದಾಖಲೆಗೆ ಹತ್ತಿಸಿದರೆ ಅದು ಸರಕಾರದ ಶಾಲೆ, ಯಾರೂ ಮುಟ್ಟುವಂತಿಲ್ಲ; ಇಲ್ಲವೆಂದು ಬರೆದರೆ, ನಾವು ಹದಿನಾರು ಶನಿವಾರ ಪೈನ್ ಮರದ ದಿಮ್ಮಿ ಹೊತ್ತು ಕಟ್ಟಿದ ಮನೆಯೂ ಹೋಯಿತು, ನೆಲವೂ ಹೋಯಿತು. ಬೇರೆ ಶಾಲೆಯೆಂದರೆ ಜೌಗಿನಾಚೆ ಒಂಬತ್ತು ಮೈಲಿ.

ಆ ಮಂಗಳವಾರ ನಾವೆಲ್ಲ ಭಾನುವಾರದ ಬಟ್ಟೆಯಲ್ಲಿ ಬಂದಿದ್ದೆವು. ದೊಡ್ಡಮ್ಮ ಅಷ್ಟೂ ಮಕ್ಕಳ ಕೊರಳಪಟ್ಟಿಗೆ ಗಂಜಿ ಹಾಕಿದ್ದಳು. ಅಧಿಕಾರಿ ಬಗ್ಗಿ ಗಾಡಿಯಲ್ಲಿ ಬರುತ್ತಾರೆ, ಚಕ್ರದ ಸದ್ದು ಕೇಳಿದ ಕೂಡಲೇ ಎದ್ದು ನಿಂತು ನಮಸ್ಕಾರ ಹೇಳಬೇಕು ಎಂದು ವಾರವಿಡೀ ಹೇಳಿಕೊಟ್ಟಿದ್ದಳು. ಚಕ್ರದ ಸದ್ದಿಗಾಗಿ ಕಿವಿ ನೆಟ್ಟು ಕೂತಿದ್ದೆವು. ಆದರೆ ಬಗ್ಗಿಯ ಅಚ್ಚು ಹಳ್ಳ ದಾಟುವಲ್ಲಿ ಮುರಿದಿತ್ತಂತೆ. ಮೇಜರರು ತಮ್ಮ ಲಾಯದಿಂದ ಅವರಿಗೊಂದು ಕುದುರೆ ಕೊಟ್ಟು, ತಾವೂ ಒಂದನ್ನು ಏರಿ ಜೊತೆಗೆ ಬಂದರು. ನಮಗೆ ಕೇಳಿಸಿದ್ದು ಗೊರಸಿನ ಸದ್ದು.

ದೊಡ್ಡಮ್ಮನ ಕೈ ತಾನಾಗಿ ಇಸ್ತ್ರಿಪೆಟ್ಟಿಗೆಗೆ ಹೋಯಿತು. ಟಕ್, ಟಕ್.

ನಾನು ನನ್ನ ಕಣ್ಣಾರೆ ಕಂಡೆ, ನನ್ನ ಕೈಯೂ ತಾನಾಗಿ ಕೆಲಸ ಮಾಡಿತು. ಬಾಗಿಲು ತೆರೆದಾಗ ಲಾತ್ರಪ್ ಸಾಹೇಬರು ಮೊದಲು ಕಡಾಯಿಗೆ ಎಡವಿದರು. ಆಮೇಲೆ ತಲೆಯೆತ್ತಿ ನೋಡಿದರೆ, ಭಾನುವಾರದ ಬಟ್ಟೆ ತೊಟ್ಟ ನಲವತ್ತೊಂದು ಜನ ತುಟಿಪಿಟಕ್ಕೆನ್ನದೆ ಅಲಸಂದೆ ಬಿಡಿಸುತ್ತಿದ್ದಾರೆ. ಕನ್ನಡಕದ, ಸಣಕಲು ಮೈಯ, ದಣಿದ ಮುಖದ ಮನುಷ್ಯ. ಹಿಂದೆ ಚಾವಟಿಯನ್ನು ಬೂಟಿಗೆ ತಟ್ಟುತ್ತ ಮೇಜರರು. ಅವರನ್ನು ಕಂಡದ್ದೇ ದೊಡ್ಡಮ್ಮನ ಮುಖದಲ್ಲಿದ್ದ ಜೀವವೆಲ್ಲ ಇಳಿದುಹೋಯಿತು. ಸನ್ನೆ ಕೊಟ್ಟವಳು ಅವಳು, ಹಿಂತೆಗೆದುಕೊಳ್ಳಬೇಕಾದವಳೂ ಅವಳೇ. ಅವಳು ಕಲ್ಲಾಗಿ ನಿಂತಳು, ನಾವೂ ಕಲ್ಲಾದೆವು.

"ಇದು ಶಾಲೇನಾ?" ಎಂದರು ಲಾತ್ರಪ್.

ಬುಟ್ಟಿಗೆ ಕಾಳು ಬೀಳುತ್ತಿತ್ತು.

"ನಾನು ಹೇಳ್ಲಿಲ್ವಾ?" ಎಂದರು ಮೇಜರರು. "ಕೂತು ಹರಟೆ ಹೊಡೀತಾರೆ, ಕಾಳು ಸುಲೀತಾರೆ. ಬೇಕಾದ್ರೆ ನೀವೇ ಕೇಳಿ."

ಲಾತ್ರಪ್ ಬಗ್ಗಿ ಪುಟ್ಟ ಮಿಂಡಾಳನ್ನು ಕೇಳಿದರು: "ಮಗೂ, ನಿಂಗೆ ಓದೋಕೆ ಬರುತ್ತಾ?"

"ಇಲ್ಲ ಧಣಿ. ನಮ್ಗೇನು ತಿಳಿಯತ್ತೆ ಧಣಿ," ಎಂದಳು ಮಿಂಡಾ, ಒಂದು ಅಕ್ಷರವೂ ತಪ್ಪದೆ.

ಅವರು ನನ್ನತ್ತ ತಿರುಗಿದರು. ಪೀಪಾಯಿಯ ಹಲಗೆ ಕೆತ್ತಿ ಕೆತ್ತಿ ಕಬ್ಬಿಣವಾದ ತೋಳು ನನ್ನದು, ಯಾರಿಗೂ ಹೆದರದವನೆಂದು ಊರಲ್ಲಿ ಹೆಸರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಬಾಯಿಂದಲೂ ಅದೇ ಬಂತು: "ಇಲ್ಲ ಧಣಿ." ಅಂದ ಮರುಕ್ಷಣ ನಾಲಿಗೆ ಕಚ್ಚಿಕೊಂಡೆ. ಮಾತು ಹೊರಬಿದ್ದಾಗಿತ್ತು.

ಲಾತ್ರಪ್ ನಿಟ್ಟುಸಿರಿಟ್ಟು ದೊಡ್ಡಮ್ಮನ ಮೇಜಿನ ಮೇಲೆ ತಮ್ಮ ಪುಸ್ತಕವನ್ನು ಬಿಡಿಸಿ, ಪೆನ್ನನ್ನು ಶಾಯಿಗೆ ಅದ್ದಿ ಬರೆಯತೊಡಗಿದರು. ಆಚೆ ಬದಿಗೆ ಅವಳು, ಕೈಯಲ್ಲಿ ಅಲಸಂದೆಕಾಯಿ. ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ. ಆ ಕಣ್ಣು ಪೆನ್ನಿನ ಹಿಂದೆಯೇ ಹೋಗುತ್ತಿತ್ತು, ಬಲದಿಂದ ಎಡಕ್ಕೆ, ತಲೆಕೆಳಗಾದ ಸಾಲಿನ ಮೇಲೆ. ಪೆನ್ನು ನಿಂತಿತು, ಕಣ್ಣೂ ನಿಂತಿತು.

"ಅದ್ನ ಹೊಡೆದ್ಹಾಕಿ, ಸ್ವಾಮಿ," ಎಂದಳು ಪಿಸುದನಿಯಲ್ಲಿ.

ಲಾತ್ರಪ್ ತಲೆಯೆತ್ತಿದರು. "ಏನಂದ್ರಿ?"

"ಈಗ ಬರೆದ್ರಲ್ಲ, ಅದು ಸರಿಯಲ್ಲ. ಹೊಡೆದ್ಹಾಕಿ."

"ಊಹೆ!" ಎಂದರು ಮೇಜರರು. "ಮುಖ ನೋಡಿ ಊಹೆ ಮಾಡ್ತಾಳೆ. ಇವ್ರಿಗೆ ಅದೊಂದು ವಿದ್ಯೆ ಚೆನ್ನಾಗಿ ಬರತ್ತೆ. ಏನೇ ಜೆರೂಷಾ, ನಮ್ಮನೇಲಿ ಇಪ್ಪತ್ತೆರಡು ವರ್ಷ ಇದ್ದೆ, ನಿಂಗೆ ಓದು ಬರೋದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?"

ಲಾತ್ರಪ್ ಮೇಜರರ ಮಾತಿಗೆ ಕಿವಿಗೊಡಲಿಲ್ಲ. ಪುಸ್ತಕವನ್ನು ಅವಳತ್ತ ತಿರುಗಿಸಲೂ ಇಲ್ಲ, ಇದ್ದಲ್ಲೇ ಇಟ್ಟು ಬೆರಳು ತೋರಿಸಿದರು. "ಓದಿ ನೋಡೋಣ ಅಮ್ಮ."

ಅವಳು ಓದಿದಳು. ತುಟಿ ಆಡಿತು.

"ಕೇಳಿಸ್ಲಿಲ್ಲ."

ಇನ್ನೊಮ್ಮೆ ಓದಿದಳು. ಉಸಿರು ಬಂತು, ದನಿ ಬರಲಿಲ್ಲ. ಮೇಜರರು ನಕ್ಕರು. ಹೋಯಿತು ಎಂದುಕೊಂಡೆ, ಹದಿನಾರು ಶನಿವಾರ ಹೋಯಿತು. ದೊಡ್ಡಮ್ಮ ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿದಳು. ಎರಡೂ ಅಂಗೈ ಮೇಜಿಗೆ ಊರಿದಳು. ಹಿಮ್ಮಡಿಯನ್ನು ನೆಲಕ್ಕೆ ಇಳಿಸಿದಳು. ಹಲಗೆ ಕಿರುಗುಟ್ಟಿದ್ದನ್ನು ನಾನು ಮೊದಲ ಬಾರಿಗೆ ಕೇಳಿದೆ. ಆಮೇಲೆ ಬಾಯಿ ತೆರೆದಳು, ಕೋಳಿ ಓಡಿಸುವ ಆ ದನಿ ಪೂರಾ ಹೊರಗೆ ಬಂತು:

"ಸೊರೆಲ್ ಹಳ್ಳ! ಮಂಗಳವಾರ!"

ಮುಂದೆ ನಡೆದದ್ದಕ್ಕೆ ಯಾರೂ ಹೊಣೆಯಲ್ಲ, ನಮ್ಮ ಚರ್ಚೇ ಹೊಣೆ. ನಮ್ಮಲ್ಲಿ ಹಾಡಿನ ಪುಸ್ತಕ ಎಲ್ಲರ ಕೈಯಲ್ಲಿ ಇರುವುದಿಲ್ಲ. ಒಬ್ಬರು ಗಟ್ಟಿಯಾಗಿ ಸಾಲು ಹೇಳುತ್ತಾರೆ, ಸಭೆಯೆಲ್ಲ ಆ ಸಾಲನ್ನೇ ಎಳೆದು ಹಾಡುತ್ತದೆ. ಗಟ್ಟಿದನಿಯಲ್ಲಿ ಒಂದು ಸಾಲು ಕಿವಿಗೆ ಬಿದ್ದಮೇಲೆ ಸುಮ್ಮನೆ ಕೂರುವುದು ನಮ್ಮವರ ರಕ್ತದಲ್ಲೇ ಇಲ್ಲ. ಎರಡು ವರ್ಷ ಪಿಸುಗುಟ್ಟಿ ಕೆಮ್ಮಿ ಬೇಸತ್ತಿದ್ದ ಕ್ಯಾಂಡಿಸಕ್ಕ ತಲೆ ಹಿಂದಕ್ಕೆ ಚೆಲ್ಲಿ ಎತ್ತಿಕೊಂಡಳು: "ಸೊರೆ-ಎ-ಎಲ್ ಹಳ್ಳ-ಅ, ಮಂಗಳವಾ-ಆ-ರ!" ಅವಳ ಹಿಂದೆ ನಲವತ್ತು ಕಂಠ.

ದೊಡ್ಡಮ್ಮ ನಿಲ್ಲಲಿಲ್ಲ. "ದಿಮ್ಮಿಯ ಮನೆ ಒಂದು, ಬೆಂಚು ಹನ್ನೆರಡು!"

ನಾವು ಹಾಡಿದೆವು. ತೊಲೆಯ ಮೇಲಿನ ಧೂಳು ಉದುರಿತು.

"ಇಲ್ಲಿ ಶಾಲೆ ಇಲ್ಲ!" ಎಂದು ಅವಳು ಗರ್ಜಿಸಿದಳು.

"ಇಲ್ಲಿ ಶಾ-ಆ-ಲೆ ಇ-ಇಲ್ಲ!" ಎಂದು ನಲವತ್ತೊಂದು ಜನ ಎದ್ದು ನಿಂತು, ಕಾಲಿನಿಂದ ತಾಳ ಹಾಕುತ್ತ, ಹಳ್ಳದಾಚೆಗೂ ಕೇಳುವಂತೆ ಸಾರಿದೆವು.

"ಓದು ಬಲ್ಲವರು ಒಬ್ಬರೂ ಇಲ್ಲ!"

ಅದನ್ನೂ ಹಾಡಿದೆವು, ಎರಡು ಸಲ, ಕೊನೆಯ ಸಾಲನ್ನು ಎರಡು ಸಲ ಹಾಡುವುದು ವಾಡಿಕೆಯಾದ್ದರಿಂದ. ಲಾತ್ರಪ್ ಸಾಹೇಬರು ಮೊದಲು ಬೆಪ್ಪಾಗಿ ನಿಂತರು, ಆಮೇಲೆ ಕನ್ನಡಕ ತೆಗೆದರು, ಆಮೇಲೆ ಹತ್ತಿರದ ಬೆಂಚಿನ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ದಣಿದ ಮನುಷ್ಯ ನಮ್ಮ ಸೀಮೆಗೆ ಬಂದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲಿರಬೇಕು.

"ಒಬ್ಬಳು ಓದಿದ್ಲು, ಉಳಿದೋರು ಗಿಣಿ ಹಾಗೆ ಹೇಳಿದ್ರು," ಎಂದರು ಮೇಜರರು. ಆ ಮಾತು ನ್ಯಾಯವಾದದ್ದೇ. ಲಾತ್ರಪ್ ತಮ್ಮ ಚೀಲದಿಂದ ಸರಕಾರದ ನಿಯಮಗಳ ಹೊಸ ಪುಸ್ತಕವೊಂದನ್ನು ತೆಗೆದು, ನಾವು ಯಾರೂ ಎಂದೂ ಕಂಡಿರದ ಪುಟವೊಂದನ್ನು ಬಿಡಿಸಿ ಕ್ಯಾಂಡಿಸಕ್ಕನ ಕೈಗೆ ಕೊಟ್ಟರು. ಅವಳು ಗಂಭೀರವಾಗಿ ಅದನ್ನು ತಲೆಕೆಳಗು ಮಾಡಿ ಹಿಡಿದುಕೊಂಡಳು.

"ನೋಡಿ! ನೋಡಿ!" ಮೇಜರರು ಕುಣಿದೇಬಿಟ್ಟರು. "ಯಾವ ಕಡೆ ಹಿಡೀಬೇಕು ಅನ್ನೋದೇ ಗೊತ್ತಿಲ್ಲ!"

"ಧಣಿ, ನೀವು ನಮ್ಮೆದುರು ಬೆಂಚಿನೋರು ಅಂತ ಕಾಣತ್ತೆ. ಸ್ವಲ್ಪ ತಡ್ಕೊಳಿ," ಎಂದು ಕ್ಯಾಂಡಿಸಕ್ಕ ಇಡೀ ಪುಟವನ್ನು ಒಂದೇ ಉಸಿರಿಗೆ ಓದಿ ಬಿಸಾಡಿದಳು. ಆಮೇಲೆ ಅದೇ ಪುಸ್ತಕವನ್ನು ನೇರ ಹಿಡಿದು ನಾನು ಓದಿದೆ. ಅಂಗಿ ಬೆನ್ನಿಗೆ ಅಂಟಿಕೊಳ್ಳುವಷ್ಟು ಬೆವರಿದೆ, ಆದರೆ ಓದಿದೆ, ಗಟ್ಟಿಯಾಗಿ ಓದಿದೆ. ಮಿಂಡಾ ಓದಿದಳು. ಹಿಂದಿನ ಬೆಂಚಿನಿಂದ ಎಪ್ಪತ್ತಮೂರು ವರ್ಷದ ಹಿರಿಯರೊಬ್ಬರು ಎದ್ದು, ಒಂದೊಂದೇ ಅಕ್ಷರವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಒಂದು ಸಾಲು ಮುಗಿಸಿ, ಅಳುತ್ತ ಕೂತರು. ಅಷ್ಟರಲ್ಲಿ ಮೇಜರರು ಕುದುರೆ ಬಿಚ್ಚುತ್ತಿದ್ದರು. ಕ್ಯಾಂಡಿಸಕ್ಕ ಬಾಗಿಲಿಗೆ ಹೋಗಿ ಕೂಗಿದಳು: "ಧಣಿ, ಒಂದು ಬುಟ್ಟಿ ಅಲಸಂದೆ ತಗೊಂಡೋಗಿ! ನಮ್ಗಿನ್ನು ಬಿಡ್ಸೋಕೆ ಪುರಸೊತ್ತಿರಲ್ಲ!"

ಲಾತ್ರಪ್ ತಾವು ಬರೆದ ಸಾಲುಗಳನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಕೆಳಗೆ ಹೊಸದಾಗಿ ಬರೆದು, ಪೆನ್ನನ್ನು ದೊಡ್ಡಮ್ಮನಿಗೆ ಕೊಟ್ಟು, ಉಪಾಧ್ಯಾಯಿನಿಯ ಹೆಸರು ಬರೆಯುವ ಜಾಗ ತೋರಿಸಿದರು. ಅವಳು ಬರೆದಳು, ಜೆರೂಷ ಫೆಲ್ಡರ್ ಎಂದು, ಬಟ್ಟೆಯ ಗುರುತಿನಷ್ಟು ದೊಡ್ಡ ಅಕ್ಷರಗಳಲ್ಲಿ, ಪುಟದ ಅರ್ಧ ತುಂಬುವಂತೆ. ಆ ಒಂದೆಕರೆ ಅಂದಿನಿಂದ ಇಂದಿನವರೆಗೆ ನಮ್ಮದು.

ಊರೆಲ್ಲ ಆ ಸಂಜೆ ಹಬ್ಬ ಮಾಡಿತು. ಹಂದಿ ಸುಟ್ಟರು, ಗೆಣಸು ಬೇಯಿಸಿದರು. ಮರುದಿನ ಬೆಳಿಗ್ಗೆ ಎಲ್ಲರೂ ಬಂದು ಕೂತಮೇಲೆ, ದೊಡ್ಡಮ್ಮ ಮೇಜಿನ ಮುಂದೆ ನಿಂತು ಹೇಳಿದಳು: "ನಾನು ನಿಮ್ಗೆ ಒಂದು ತಪ್ಪು ಪಾಠ ಹೇಳ್ಕೊಟ್ಟಿದೀನಿ. ಓದಿನ ಜೊತೆ ನನ್ನ ಹೆದರಿಕೇನೂ ಕಲಿಸ್ಬಿಟ್ಟೆ. ನಿನ್ನೆ ಈ ಕೂಸು 'ನಮ್ಗೇನು ತಿಳಿಯತ್ತೆ' ಅಂದಾಗ ನಂಗೆ ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು. ಅದು ನಾನು ಬಾಯಿಪಾಠ ಮಾಡ್ಸಿದ ಮಾತು. ಅದನ್ನ ಮರೀರಿ. ನಂಗೆ ಮರೆಯೋಕೆ ಕಷ್ಟ ಆಗತ್ತೆ, ನಾನು ಮೆಲ್ಲಗೆ ಓದಿದ್ರೆ ನೀವು ಬೈರಿ."

ನಾವು ಬೈದೆವು. ಮಿಂಡಾ ಎಲ್ಲರಿಗಿಂತ ಹೆಚ್ಚು ಬೈದಳು. "ಜೋರಾಗಿ, ದೊಡ್ಡಮ್ಮಾ, ಜೋರಾಗಿ!" ಎಂದು ಅವಳು ಮೇಜು ತಟ್ಟುವಾಗ ದೊಡ್ಡಮ್ಮ ತಬ್ಬಿಬ್ಬಾಗಿ, ಮುಗುಳ್ನಕ್ಕು, ಸಾಲನ್ನು ಮೊದಲಿಂದ ಶುರು ಮಾಡುವಳು. ಐವತ್ತೈದರ ಹೆಂಗಸು ಆ ವಸಂತವೆಲ್ಲ ಓದುವುದನ್ನು ಮತ್ತೆ ಹೊಸದಾಗಿ ಕಲಿತಳು, ನಮ್ಮೆದುರಿಗೆ, ತಡವರಿಸುತ್ತ, ದನಿ ಒಡೆಯುತ್ತ. ಕುದುರೆಗಳು ಆಮೇಲೂ ಆ ದಾರಿಯಲ್ಲಿ ಹಾದುಹೋದವು. ಸದ್ದು ಕೇಳಿದಾಗಲೆಲ್ಲ ಅವಳ ಬೆರಳು ಒಮ್ಮೆ ಅದುರುತ್ತಿತ್ತು, ಪಾಠ ನಿಲ್ಲುತ್ತಿರಲಿಲ್ಲ. ಸಂಜೆ ಹೊತ್ತು ನಮ್ಮ ಗಂಡಸರು ಸರದಿಯ ಮೇಲೆ ಶಾಲೆಯ ಕಾವಲು ಕಾಯತೊಡಗಿದರು, ಅದೂ ನಾವು ಕಲಿತ ಹೊಸ ಪಾಠವೇ. ಆ ಮನೆಯಿಂದ ಮುಂದೆ ಹನ್ನೊಂದು ಜನ ಉಪಾಧ್ಯಾಯರು ಹೊರಟರು. ಅವರಲ್ಲಿ ಮಿಂಡಾ ಒಬ್ಬಳು, ನಾನೊಬ್ಬ.

ವಿದ್ಯೆಯನ್ನು ಕದ್ದು ಕಲಿಯಬೇಕಾಗಿ ಬಂದ ಒಂದು ಪೀಳಿಗೆ ನಮ್ಮಲ್ಲಿತ್ತು. ಅವರ ಧೈರ್ಯವನ್ನು ನಾವು ಸಭೆಗಳಲ್ಲಿ ಹಾಡಿ ಹೊಗಳುತ್ತೇವೆ, ಹೊಗಳಬೇಕಾದದ್ದೇ. ಆದರೆ ಅವರು ತೋರಿದ ಹೆಚ್ಚಿನ ಧೈರ್ಯ ಇನ್ನೊಂದು, ಅದನ್ನು ನಾವು ಹೇಳುವುದು ಕಡಿಮೆ. ಯಾವ ಎಚ್ಚರ ತಮ್ಮನ್ನು ಅಷ್ಟು ವರ್ಷ ಬದುಕಿಸಿತ್ತೋ ಆ ಎಚ್ಚರವೇ ಮಕ್ಕಳ ತಲೆಯನ್ನು ತಗ್ಗಿಸುತ್ತಿದೆಯೆಂದು ಕಂಡ ದಿನ, ಅವರು ಅದನ್ನು ಸಮರ್ಥಿಸಿಕೊಳ್ಳಲಿಲ್ಲ. ತಾವು ಕಲಿಸಿದವರ ಮುಂದೆಯೇ ನಿಂತು ತಪ್ಪೊಪ್ಪಿಕೊಂಡು, ಅವರಿಂದಲೇ ಬೈಸಿಕೊಂಡು, ಮತ್ತೆ ಮೊದಲ ಬೆಂಚಿಗೆ ಬಂದು ಕೂತರು. ಗುರುವಾಗುವುದಕ್ಕೆ ಬಹಳ ತಿಳಿದಿರಬೇಕೆಂದು ಜನ ಅಂದುಕೊಳ್ಳುತ್ತಾರೆ. ನಲವತ್ತು ವರ್ಷ ನಾನೂ ಆ ಕೆಲಸ ಮಾಡಿದ್ದೇನೆ; ನನಗೆ ಗೊತ್ತು, ತಿಳಿದದ್ದನ್ನು ಹೇಳಿಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ, ತಮ್ಮ ಭಯ ತಮ್ಮಲ್ಲೇ ಕೊನೆಯಾಗಲಿ ಎಂದು ಹಟ ಹಿಡಿಯುವವರು ಬಹಳ ಕಡಿಮೆ, ಮತ್ತು ಒಂದು ಜನಾಂಗ ತಲೆಯೆತ್ತಿ ನಡೆಯುವುದು ಆ ಕೆಲವರಿಂದ.